ಮುಗಿಲು ಮಾತು ತಪ್ಪಿದಾಗ

ಹೂವಿನಹಡಗಲಿ ತಾಲೂಕಿನ ಮೈಲಾರದಲ್ಲಿ ಭಾರತ ಹುಣ್ಣಿಮೆಯ ಜಾತ್ರೆ ನೆರೆದಾಗ, ಲಕ್ಷಾಂತರ ಜನ ಒಂದೇ ಒಂದು ಮಾತನ್ನು ಕೇಳುವುದಕ್ಕಾಗಿ ಡೆಂಕನಮರಡಿಯ ಬಯಲಿನಲ್ಲಿ ಕಾದು ನಿಲ್ಲುತ್ತಾರೆ. ಕಂಬಳಿಯ ನಿಲುವಂಗಿ ತೊಟ್ಟ ಗೊರವಯ್ಯನು ಎತ್ತರವಾದ ಬಿಲ್ಲನ್ನೇರಿ, ಮುಗಿಲನ್ನು ದಿಟ್ಟಿಸಿ, ಸದ್ದಡಗುವಂತೆ ಒಮ್ಮೆ ಕೂಗುತ್ತಾನೆ. ಕಡಲಿನಂತೆ ಮೊರೆಯುತ್ತಿದ್ದ ಜನಸ್ತೋಮ ತಟ್ಟನೆ ಮೌನ ತಾಳುತ್ತದೆ. ಆಗ ಅವನ ಬಾಯಿಂದ ಕಾರಣಿಕದ ಒಂದು ನುಡಿ ಹೊರಡುತ್ತದೆ. ಮರುಕ್ಷಣವೇ ಅವನು ಬಿಲ್ಲಿನಿಂದ ಕೆಳಕ್ಕುರುಳುತ್ತಾನೆ. ಆ ನುಡಿಯನ್ನು ರಾಜಕಾರಣಿಗಳು ತಮ್ಮ ರೀತಿಯಲ್ಲಿ, ವರ್ತಕರು ತಮ್ಮ ರೀತಿಯಲ್ಲಿ ಅರ್ಥೈಸಿಕೊಳ್ಳುವುದುಂಟು. ಆದರೆ ಗಾಡಿ ಕಟ್ಟಿಕೊಂಡು, ಬುತ್ತಿ ಕಟ್ಟಿಕೊಂಡು ಬಂದ ಬೇಸಾಯಗಾರನಿಗೆ ಬೇಕಾದ ಅರ್ಥ ಒಂದೇ: ಈ ವರ್ಷ ಮಳೆ ಬರುವುದೇ? ಬಂದರೆ ಹದಕ್ಕೆ ಬರುವುದೇ?

ಈ ಪ್ರಶ್ನೆಯನ್ನು ಭಕ್ತಿಯ ವಿಷಯವೆಂದು ಮಾತ್ರ ಎಣಿಸುವುದು ಸರಿಯಲ್ಲ. ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಸೀಮೆಯ ಸಣ್ಣ ಹಿಡುವಳಿದಾರನ ಅನ್ನ, ಸಾಲ, ಮಕ್ಕಳ ಓದು, ಮಗಳ ಮದುವೆ, ಇವೆಲ್ಲವೂ ಈ ಪ್ರಶ್ನೆಯ ಉತ್ತರಕ್ಕೆ ಗಂಟು ಬಿದ್ದಿವೆ. ಶಾಸನಗಳ ಕಾಲದಲ್ಲಿ ಈ ಭಾಗದ ಬಹುಪಾಲು 'ಕೋಗಳಿ ಐನೂರು' ಎಂದು ಹೆಸರಾಗಿತ್ತು. ನೊಳಂಬವಾಡಿಯ ಒಂದು ಅಂಗವಾಗಿತ್ತು. ಆ ನಾಡಿಗೆ ಹೆಸರು ಕೊಟ್ಟ ಕೋಗಳಿ ಇಂದು ಒಂದು ಹಳ್ಳಿ. ರಾಜ್ಯಗಳು ಉರುಳಿದವು, ಮದರಾಸು ಪ್ರಾಂತಕ್ಕೆ ಸೇರಿದ್ದ ಸೀಮೆ 1953ರಲ್ಲಿ ಮೈಸೂರಿಗೆ ಬಂದಿತು, 2021ರಲ್ಲಿ ವಿಜಯನಗರ ಜಿಲ್ಲೆಯೆಂಬ ಹೊಸ ಹೆಸರನ್ನು ಪಡೆಯಿತು. ಬದಲಾಗದೆ ಉಳಿದದ್ದು ಒಂದೇ: ಮುಗಿಲನ್ನು ನೋಡುವ ಅಭ್ಯಾಸ. ಈಗ ಆ ಮುಗಿಲೇ ಬದಲಾಗುತ್ತಿದೆ ಎಂಬುದು ಈ ಕಾಲದ ದೊಡ್ಡ ಸುದ್ದಿ.

ಎರಡು ಮಣ್ಣು, ಒಂದು ಮುಗಿಲು

ಪಶ್ಚಿಮ ಘಟ್ಟಗಳು ಅರಬ್ಬೀ ಸಮುದ್ರದ ಮೋಡಗಳನ್ನು ಹಿಂಡಿ, ಮಿಕ್ಕ ತೇವವನ್ನಷ್ಟೇ ಪೂರ್ವಕ್ಕೆ ಕಳುಹಿಸುತ್ತವೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದರೆ, ಕೋಗಳಿಯ ಸೀಮೆಗೆ ದಕ್ಕುವುದು ಸುಮಾರು 500ರಿಂದ 600 ಮಿಲಿಮೀಟರ್. ಹಳೆಯ ಲೆಕ್ಕದಲ್ಲಿ ಇಪ್ಪತ್ತರಿಂದ ಇಪ್ಪತ್ತನಾಲ್ಕು ಅಂಗುಲ. ಅದರಲ್ಲಿಯೂ ಹೆಚ್ಚಿನ ಪಾಲು ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ ಬೀಳುತ್ತದೆ. ಜೂನ್ ಜುಲೈ ತಿಂಗಳುಗಳಲ್ಲಿ ಗಾಳಿಯ ಆರ್ಭಟ ಹೆಚ್ಚು, ಹನಿ ಕಡಿಮೆ.

ಈ ಅಲ್ಪ ಮಳೆಯನ್ನು ಪಡೆಯುವ ಮಣ್ಣು ಎರಡು ಬಗೆಯದು. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಗಳ ಕಡೆ ಹೆಚ್ಚಾಗಿ ಮಸಾರಿ, ಎಂದರೆ ಕೆಂಪು ನೆಲ. ಅದು ನೀರನ್ನು ಬೇಗ ಕುಡಿಯುತ್ತದೆ, ಬೇಗ ಬಿಟ್ಟುಬಿಡುತ್ತದೆ. ಹತ್ತು ಹದಿನೈದು ದಿನ ಮಳೆ ತಪ್ಪಿದರೆ ಪೈರು ಬಾಡುತ್ತದೆ. ತುಂಗಭದ್ರೆಯ ಮಗ್ಗುಲಿನ ಹಡಗಲಿಯ ಹೊಲಗಳಲ್ಲಿ ಎರೆಮಣ್ಣು ಉಂಟು. ಎರೆಯ ಸ್ವಭಾವ ಬೇರೆ. ಅದು ನೀರನ್ನು ಮೆಲ್ಲನೆ ಕುಡಿದು ಬಹುಕಾಲ ಹಿಡಿದಿಟ್ಟುಕೊಳ್ಳುತ್ತದೆ. ಹಿಂಗಾರಿನ ಜೋಳ, ಕಡಲೆಗಳು ಆ ತೇವದ ಬಲದಿಂದಲೇ ಚಳಿಗಾಲವನ್ನು ಕಳೆದು ಕೊಯ್ಲಿಗೆ ಬರುತ್ತವೆ. ಆದರೆ ಒಮ್ಮೆಗೇ ಜೋರುಮಳೆ ಬಿದ್ದರೆ ಎರೆಯ ಮೇಲೆ ನೀರು ನಿಂತು, ಮೇಲ್ಮಣ್ಣನ್ನು ಕೊಚ್ಚಿಕೊಂಡು ಹಳ್ಳಕ್ಕೆ ಹರಿದುಹೋಗುತ್ತದೆ. ಒಂದೇ ಮುಗಿಲಿನ ಕೆಳಗೆ ಎರಡು ಹೊಲಗಳಿಗೆ ಎರಡು ಬಗೆಯ ಚಿಕಿತ್ಸೆ ಬೇಕೆಂಬ ಪಾಠ ಇಲ್ಲಿಂದಲೇ ಆರಂಭವಾಗುತ್ತದೆ.

ನಕ್ಷತ್ರಕ್ಕೆ ಸಿಕ್ಕದ ಮಳೆ

ಈ ಸೀಮೆಯ ಒಕ್ಕಲು ಮಕ್ಕಳು ಮಳೆಯನ್ನು ತಿಂಗಳ ಹೆಸರಿನಿಂದ ಕರೆಯುವುದಿಲ್ಲ. ನಕ್ಷತ್ರದ ಹೆಸರಿನಿಂದ ಕರೆಯುತ್ತಾರೆ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಇರುವ ಹದಿಮೂರು ಹದಿನಾಲ್ಕು ದಿನಗಳ ಅವಧಿಯೇ ಒಂದು ಮಳೆ. ಮೇ ಕೊನೆಗೆ ರೋಹಿಣಿ, ಜೂನ್ ಎರಡನೆಯ ವಾರಕ್ಕೆ ಮೃಗಶಿರಾ, ಬಳಿಕ ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ, ಮಘಾ. ಸೆಪ್ಟೆಂಬರಿಗೆ ಹುಬ್ಬೆ, ಉತ್ತರೆ. ಆಮೇಲೆ ಹಸ್ತ, ಚಿತ್ತ, ಸ್ವಾತಿ. 'ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ' ಎಂಬಂಥ ಗಾದೆಗಳು ಬರಿಯ ಪ್ರಾಸದ ಆಟವಲ್ಲ. ಯಾವ ಮಳೆಗೆ ಹರಗಬೇಕು, ಯಾವ ಮಳೆಗೆ ಕೂರಿಗೆ ಹೂಡಬೇಕು, ಯಾವ ಮಳೆ ತಪ್ಪಿದರೆ ಯಾವ ಬೀಜವನ್ನು ಹಗೇವಿನಿಂದ ತೆಗೆಯಬೇಕು ಎಂಬುದನ್ನೆಲ್ಲ ಅಕ್ಷರ ತಿಳಿಯದವರೂ ನೆನಪಿನಲ್ಲಿಟ್ಟುಕೊಳ್ಳುವಂತೆ ರಚಿತವಾದ ಕೃಷಿಶಾಸ್ತ್ರ ಅದು.

ಆ ಶಾಸ್ತ್ರ ನಿಂತಿರುವುದು ಒಂದು ನಂಬಿಕೆಯ ಮೇಲೆ: ಕಳೆದ ನೂರು ವರ್ಷ ನಡೆದದ್ದು ಬರುವ ವರ್ಷವೂ ಹೆಚ್ಚುಕಡಿಮೆ ನಡೆಯುತ್ತದೆ. ಈಗ ಅಲುಗಾಡುತ್ತಿರುವುದು ಆ ನಂಬಿಕೆಯೇ. ಕಲ್ಲಿದ್ದಲು, ಎಣ್ಣೆಗಳನ್ನು ಸುಟ್ಟ ಹೊಗೆಯಲ್ಲಿನ ಇಂಗಾಲದ ಡೈ ಆಕ್ಸೈಡು ವಾಯುಮಂಡಲದಲ್ಲಿ ಸೇರಿ, ಹೊದ್ದ ಕಂಬಳಿಯಂತೆ ಭೂಮಿಯ ಶಾಖವನ್ನು ತಡೆಹಿಡಿಯುತ್ತಿದೆ. ವಿಶ್ವಸಂಸ್ಥೆಯ ಆಶ್ರಯದ ವಿಜ್ಞಾನಿಗಳ ಮಂಡಲಿಯು 2021ರಲ್ಲಿ ತಿಳಿಸಿದಂತೆ, 2011ರಿಂದ 2020ರವರೆಗಿನ ದಶಕದಲ್ಲಿ ಭೂಮಿಯ ಸರಾಸರಿ ಉಷ್ಣತೆ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧಕ್ಕಿಂತ ಸುಮಾರು 1.1 ಡಿಗ್ರಿ ಸೆಲ್ಸಿಯಸ್ ಏರಿತ್ತು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹೊರಬಲ್ಲದು. ಹೊರುವುದು ಹೆಚ್ಚಾದಂತೆ ಸುರಿಯುವಾಗಲೂ ಒಮ್ಮೆಗೇ ಹೆಚ್ಚಾಗಿ ಸುರಿಯುತ್ತದೆ. ಎರಡು ಮಳೆಗಳ ನಡುವೆ ಬಿಸಿಗಾಳಿಯು ನೆಲದ ಹಸಿಯನ್ನು ಬೇಗ ಹೀರುತ್ತದೆ. ವರ್ಷದ ಒಟ್ಟು ಲೆಕ್ಕದಲ್ಲಿ ಮಳೆ ಕಡಿಮೆಯಾಗದಿದ್ದರೂ ಹೊಲಕ್ಕೆ ಮಳೆ ಕಡಿಮೆಯಾಗುವುದು ಹೀಗೆ.

ಉತ್ತರ ಕರ್ನಾಟಕದವರು ಇದರ ರುಚಿಯನ್ನು 2009ರಲ್ಲಿ ಕಂಡರು. ಆ ವರ್ಷ ದೇಶದಾದ್ಯಂತ ಮುಂಗಾರು ಕೈಕೊಟ್ಟಿತ್ತು. ಬರದ ಮಾತು ಇನ್ನೂ ಬಾಯಲ್ಲಿರುವಾಗಲೇ, ಸೆಪ್ಟೆಂಬರ್ ಕೊನೆಯ ಹಾಗೂ ಅಕ್ಟೋಬರ್ ಮೊದಲ ದಿನಗಳಲ್ಲಿ ಸುರಿದ ಮಳೆಗೆ ಊರುಗಳೇ ಕೊಚ್ಚಿಹೋದವು. ರಾಜ್ಯದಲ್ಲಿ ಇನ್ನೂರಕ್ಕೂ ಮಿಕ್ಕಿ ಜನ ಪ್ರಾಣ ತೆತ್ತರು. 2023ರಲ್ಲಿ ಮತ್ತೆ ಮುಗಿಲು ಮುನಿಯಿತು. ರಾಜ್ಯದ 236 ತಾಲೂಕುಗಳ ಪೈಕಿ 223 ತಾಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಸಾರಬೇಕಾಯಿತು.

ಐದೆಕರೆಯ ಜೂಜು

ಎರಡು ಹೆಕ್ಟೇರಿಗಿಂತ, ಎಂದರೆ ಐದೆಕರೆಗಿಂತ, ಕಡಿಮೆ ಭೂಮಿಯುಳ್ಳವನು ಸರ್ಕಾರದ ಲೆಕ್ಕದಲ್ಲಿ ಸಣ್ಣ ಹಿಡುವಳಿದಾರ. ಎರಡೂವರೆ ಎಕರೆಗಿಂತ ಕಡಿಮೆಯಿದ್ದರೆ ಅತಿಸಣ್ಣ ಹಿಡುವಳಿದಾರ. 2015-16ರ ಕೃಷಿಗಣತಿಯ ಪ್ರಕಾರ ಕರ್ನಾಟಕದ ಸರಾಸರಿ ಹಿಡುವಳಿ 1.36 ಹೆಕ್ಟೇರ್ ಮಾತ್ರ. ಹತ್ತು ಹಿಡುವಳಿಗಳಲ್ಲಿ ಸುಮಾರು ಎಂಟು ಈ ಎರಡು ಗುಂಪಿಗೆ ಸೇರಿದವು.

ನಾಲ್ಕೆಕರೆ ಮಸಾರಿಯುಳ್ಳ ಒಂದು ಕುಟುಂಬವನ್ನು ಓದುಗರು ಕಲ್ಪಿಸಿಕೊಳ್ಳಲಿ. ಈ ಕುಟುಂಬಕ್ಕೆ ಶೇಂಗಾ ಬೆಳೆಯೇ ರೊಕ್ಕದ ಬೆಳೆ. ಶೇಂಗಾ ಬಿತ್ತಲು ಎಕರೆಗೆ ನಲವತ್ತು ಐವತ್ತು ಕಿಲೋ ಬೀಜ ಬೇಕು. ಆ ಬೀಜ, ಗೊಬ್ಬರ, ಟ್ರ್ಯಾಕ್ಟರಿನ ಬಾಡಿಗೆ, ಕಳೆಯ ಕೂಲಿ, ಇವೆಲ್ಲವೂ ಮೊದಲ ಮಳೆಯ ಹೊತ್ತಿಗೇ ಕೈಬಿಡುವ ಹಣ. ಬ್ಯಾಂಕಿನಲ್ಲಿ ಹಳೆಯ ಸಾಲವಿದ್ದರೆ ಊರಿನ ಅಂಗಡಿಯವನೇ ಗತಿ. ಬಿತ್ತಿದ ಮೇಲೆ ಹೂವು ಬಿಡುತ್ತದೆ. ಶೇಂಗಾದ ಹೂವಿನ ವಿಚಿತ್ರವೇನೆಂದರೆ, ಅದು ಫಲಿತಗೊಂಡ ಮೇಲೆ ಸೂಜಿಯಂಥ ಒಂದು ಎಳೆ ಕೆಳಮುಖವಾಗಿ ಬೆಳೆದು ಮಣ್ಣನ್ನು ಹೊಕ್ಕು, ಅಲ್ಲಿ ಕಾಯಿಯಾಗುತ್ತದೆ. ಆ ಹತ್ತು ಹದಿನೈದು ದಿನ ಮಳೆ ತಪ್ಪಿ ನೆಲ ಗಟ್ಟಿಯಾದರೆ ಸೂಜಿ ಮಣ್ಣನ್ನು ಹೊಗಲಾರದು. ಗಿಡ ಹಸುರಾಗಿಯೇ ಇರುತ್ತದೆ; ಕಿತ್ತು ನೋಡಿದರೆ ಬೇರಿನಲ್ಲಿ ಕಾಯಿಲ್ಲ.

ಹರಪನಹಳ್ಳಿ, ಹಡಗಲಿಗಳ ಕಡೆ ಹಬ್ಬಿರುವ ಮೆಕ್ಕೆಜೋಳದ ಕಥೆಯೂ ಇದೇ. ಕೋಳಿಯ ಆಹಾರಕ್ಕೆ ಬೇಡಿಕೆ ಇರುವುದರಿಂದ ಮಾರಾಟ ಸುಲಭ; ಆದರೆ ತೆನೆಯ ರೇಷ್ಮೆ ಹೊರಡುವ ವೇಳೆಗೆ ನೀರು ತಪ್ಪಿದರೆ ಕಾಳು ಕಟ್ಟುವುದಿಲ್ಲ. ಇದರ ಮೇಲೆ ಹೊಸ ಶತ್ರುಗಳು. ಅಮೆರಿಕ ಖಂಡದಿಂದ ಬಂದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊಟ್ಟಮೊದಲು ಕಾಣಿಸಿಕೊಂಡದ್ದು 2018ರ ಮೇ ತಿಂಗಳಲ್ಲಿ, ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ.

ನೂರೆಕರೆಯ ಒಡೆಯನಿಗೆ ಒಂದು ವರ್ಷ ಬೆಳೆ ಹೋದರೆ ನಷ್ಟ. ನಾಲ್ಕೆಕರೆಯವನಿಗೆ ಅದು ಸ್ಥಾನಪಲ್ಲಟ. ಮೊದಲು ಎತ್ತು ಸಂತೆಗೆ ಹೋಗುತ್ತದೆ. ಆಮೇಲೆ ಹೆಂಡತಿಯ ತಾಳಿಯ ಗುಂಡು ಗಿರವಿಗೆ ಹೋಗುತ್ತದೆ. ಕಡೆಗೆ ಮನೆಮಂದಿಯೇ ಗುಳೆ ಹೋಗುತ್ತಾರೆ. 'ಗುಳೆ' ಎಂಬ ಈ ಮಾತು ನಗರದ ಓದುಗರಿಗೆ ಹೊಸದಿರಬಹುದು. ಈ ಸೀಮೆಯಲ್ಲಿ ಅದು ಮಕ್ಕಳಿಗೂ ಗೊತ್ತು. ದೀಪಾವಳಿಯಾದ ಮೇಲೆ ತಾಂಡಾಗಳಿಂದ, ಹಟ್ಟಿಗಳಿಂದ ಜನ ಗಂಟುಮೂಟೆ ಕಟ್ಟಿಕೊಂಡು ಚಿಕ್ಕಮಗಳೂರು ಕೊಡಗುಗಳ ಕಾಫಿತೋಟಕ್ಕೋ, ಮಂಡ್ಯದ ಕಬ್ಬಿನ ಗದ್ದೆಗೋ, ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ಹೊರಡುತ್ತಾರೆ. ಬೀಗ ಬಿದ್ದ ಮನೆಯ ಜಗಲಿಯ ಮೇಲೆ ಅಜ್ಜಿಯೊಬ್ಬಳು ಉಳಿಯುತ್ತಾಳೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಮಕ್ಕಳ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಬೀಳುತ್ತ ಹೋಗುತ್ತದೆ. ವಾಯುಗುಣದ ಬದಲಾವಣೆ ಎಂದರೆ ಈ ಹಳ್ಳಿಗಳಲ್ಲಿ ಇದೇ ಅರ್ಥ.

ಬರ ಕಲಿಸಿದ ಪಾಠ

ಬರ ಈ ನಾಡಿಗೆ ಹೊಸದಲ್ಲ. ಧಾತು ಮತ್ತು ಈಶ್ವರ ಸಂವತ್ಸರಗಳ ಕ್ಷಾಮ, ಎಂದರೆ 1876ರಿಂದ 1878ರವರೆಗಿನ ಮಹಾಕ್ಷಾಮ, ಬಳ್ಳಾರಿ ಸೀಮೆಯನ್ನು ಹಿಂಡಿಹಾಕಿತು. ನೆರೆಯ ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಯಲ್ಲಿ ಐವತ್ತು ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು ಎಂದರೆ ಅದರ ಭೀಕರತೆಯನ್ನು ಊಹಿಸಬಹುದು. ಆ ದುರಂತದ ಬಳಿಕ ಕ್ಷಾಮ ಆಯೋಗ ಬಂದಿತು, ಕ್ಷಾಮ ಸಂಹಿತೆ ಬಂದಿತು; ಹಸಿದವನಿಗೆ ಕೆಲಸ ಕೊಟ್ಟು ಕೂಲಿ ಕೊಡುವ ಕ್ರಮ ರೂಢಿಗೆ ಬಂದಿತು.

ಆದರೆ ಕ್ಷಾಮ ಬಂದ ಮೇಲೆ ಅನ್ನವಿಕ್ಕುವುದು ಒಂದು. ಬರ ಬಂದರೂ ಬೆಳೆಯುವಂತೆ ಹೊಲವನ್ನು ಅಣಿಗೊಳಿಸುವುದು ಇನ್ನೊಂದು. ಈ ಎರಡನೆಯ ಕೆಲಸಕ್ಕೆ ಬಳ್ಳಾರಿಯ ನೆಲದಲ್ಲಿ ದೀರ್ಘವಾದ ಇತಿಹಾಸವಿದೆ. 1906ರಲ್ಲಿಯೇ ಮದರಾಸು ಸರ್ಕಾರ ಹಗರಿಯಲ್ಲಿ ಕೃಷಿ ಸಂಶೋಧನಾ ಕ್ಷೇತ್ರವನ್ನು ತೆರೆಯಿತು. 1930ರ ದಶಕದಲ್ಲಿ ಸೊಲ್ಲಾಪುರ, ಬಿಜಾಪುರ, ರಾಯಚೂರು, ರೋಹ್ತಕ್‌ಗಳ ಜೊತೆಗೆ ಹಗರಿಯೂ ಒಣಬೇಸಾಯದ ಪ್ರಯೋಗಗಳಿಗೆ ನೆಲೆಯಾಯಿತು. 1954ರಲ್ಲಿ ಬಳ್ಳಾರಿಯಲ್ಲಿ ಭೂಸಾರ ಸಂರಕ್ಷಣೆಯ ಸಂಶೋಧನಾ ಕೇಂದ್ರ ಆರಂಭವಾಯಿತು.

ಈ ಕೇಂದ್ರಗಳ ಅನುಭವದಿಂದ ಹೊರಬಂದ ಒಂದು ಸತ್ಯವನ್ನು ಇಲ್ಲಿ ನೆನೆಯಬೇಕು. ಒಂದು ಕಾಲದಲ್ಲಿ ಎಲ್ಲ ಹೊಲಗಳಿಗೂ ಸಮಪಾತಳಿಯ ಬದುಗಳನ್ನು ಹಾಕಿಸುವ ಉತ್ಸಾಹವಿತ್ತು. ಮಸಾರಿಯಲ್ಲಿ ಅವು ನೀರನ್ನು ತಡೆದು ಇಂಗಿಸಿ ಉಪಕಾರ ಮಾಡಿದವು. ಆಳವಾದ ಎರೆಯಲ್ಲಿಯಾದರೋ ನೀರು ಬದುವಿನ ಹಿಂದೆ ನಿಂತು ಪೈರನ್ನು ಕೊಳೆಸಿತು. ಬೇಸಿಗೆಯಲ್ಲಿ ಬಿರಿದ ಬದುಗಳು ಮಳೆಗಾಲದಲ್ಲಿ ಒಡೆದವು. ಎರೆಗೆ ಬೇಕಾದದ್ದು ಹೆಚ್ಚುವರಿ ನೀರನ್ನು ಮೆಲ್ಲನೆ ಹೊರಹರಿಸುವ ಇಳಿಜಾರಿನ ಬದುಗಳು. ಒಂದು ಹೊಲಕ್ಕೆ ಮದ್ದಾದದ್ದು ಇನ್ನೊಂದು ಹೊಲಕ್ಕೆ ವಿಷವಾದೀತು. ರಾಜಧಾನಿಯಿಂದ ಒಂದೇ ಅಚ್ಚಿನ ಯೋಜನೆಯನ್ನು ಇಳಿಸುವವರು ನೆನಪಿನಲ್ಲಿಡಬೇಕಾದ ಮಾತಿದು.

ಓಡುವ ನೀರಿಗೆ ತಡೆ

ಒಂದು ಎಕರೆಯ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಅದು ನಲವತ್ತು ಸಾವಿರ ಲೀಟರ್ ನೀರು. ವರ್ಷಕ್ಕೆ ಐವತ್ತು ಸೆಂಟಿಮೀಟರ್ ಬಿದ್ದರೆ ಎಕರೆಗೆ ಇಪ್ಪತ್ತು ಲಕ್ಷ ಲೀಟರ್. ಬರದ ಸೀಮೆಯೆಂದು ಹೆಸರಾದ ಕೋಗಳಿಯಲ್ಲಿಯೂ ಬಡವನ ಹೊಲದ ಮೇಲೆ ಇಷ್ಟು ಸಂಪತ್ತು ಸುರಿಯುತ್ತದೆ! ಅದು ನಿಲ್ಲುವುದಿಲ್ಲ ಎಂಬುದೇ ಕೊರತೆ.

ನಿಲ್ಲಿಸುವ ಉಪಾಯಗಳು ಸರಳವಾದವು. ಬೇಸಿಗೆಯಲ್ಲಿಯೇ ಇಳಿಜಾರಿಗೆ ಅಡ್ಡಲಾಗಿ ಉಳುವುದು. ಎರೆಯ ಹೊಲವನ್ನು ಸಣ್ಣ ಸಣ್ಣ ಚೌಕು ಮಡಿಗಳಾಗಿ ಕಟ್ಟಿ, ಬಿದ್ದ ಹನಿ ಬಿದ್ದಲ್ಲಿಯೇ ಇಂಗುವಂತೆ ಮಾಡುವುದು. ಕೆಲವು ಸಾಲುಗಳಿಗೊಮ್ಮೆ ಆಳವಾದ ಬಿಡುಸಾಲನ್ನು ತೆಗೆಯುವುದು. ಬದುವಿನ ಮೇಲೆ ಹುಲ್ಲು, ಮರಗಳನ್ನು ಬೆಳೆಸುವುದು. ಇವುಗಳಿಗೆ ಬೇಕಾದದ್ದು ಹೆಚ್ಚಾಗಿ ಮೈದುಡಿಮೆ. 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯ ಕಾಲದಲ್ಲಿ ಇಂಥ ಬದು, ಹೊಂಡಗಳ ಕೆಲಸ ನಾಡಿನ ಹಳ್ಳಿಗಳಲ್ಲಿ ವ್ಯಾಪಕವಾಗಿ ನಡೆಯಿತು. ಊರಿನಲ್ಲಿಯೇ ಕೂಲಿ ದೊರೆತಾಗ ಗುಳೆಯ ಬಸ್ಸು ಹತ್ತದೆ ಉಳಿದವರೂ ಉಂಟು.

ಕರ್ನಾಟಕ ಸರ್ಕಾರ 2014ರಲ್ಲಿ ಆರಂಭಿಸಿ, ನಡುವೆ ನಿಂತು, 2023-24ರಲ್ಲಿ ಮತ್ತೆ ಕೈಗೆತ್ತಿಕೊಂಡ ಕೃಷಿ ಭಾಗ್ಯ ಯೋಜನೆಯ ತಿರುಳು ಕೃಷಿಹೊಂಡ. ಹೊಲದ ತಗ್ಗಿನಲ್ಲಿ ಹೊಂಡ ತೋಡಿ, ಹರಿದುಬರುವ ಮಳೆನೀರನ್ನು ಸಂಗ್ರಹಿಸಿ, ಪೈರು ಬಾಡುವ ಹೊತ್ತಿಗೆ ಒಂದೆರಡು ಸಲ ತುಂತುರು ನೀರಾವರಿಯಿಂದ ಕೊಡುವುದು ಅದರ ಉದ್ದೇಶ. ಮಸಾರಿಯಲ್ಲಿ ನೀರು ಇಂಗಿಹೋಗದಂತೆ ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸುತ್ತಾರೆ. 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳದ ಹೊಂಡದಲ್ಲಿ, ಗೋಡೆಗಳ ಇಳಿಜಾರನ್ನು ಕಳೆದರೂ, ಸುಮಾರು ಹತ್ತು ಲಕ್ಷ ಲೀಟರ್ ನೀರು ನಿಲ್ಲುತ್ತದೆ. ನಾಲ್ಕೆಕರೆಗೆ ಒಂದು ಸಲ ಸುಮಾರು ಆರು ಸೆಂಟಿಮೀಟರ್ ಮಳೆ ಬಿದ್ದಷ್ಟು ನೀರು ಅದು. ಬಿಸಿಲಿಗೆ ಆರಿದ್ದನ್ನು ಕಳೆದರೂ ಶೇಂಗಾದ ಸೂಜಿ ಮಣ್ಣಿಗಿಳಿಯುವ ವಾರವನ್ನು ಕಾಯಬಲ್ಲದು.

ಹಾಗೆಂದು ಹೊಂಡವನ್ನು ಕಾಮಧೇನುವೆಂದು ಬಣ್ಣಿಸುವುದು ಸಲ್ಲದು. ಅಷ್ಟು ದೊಡ್ಡ ಹೊಂಡ, ಅದರ ಏರಿ, ಇವೆರಡೂ ಸೇರಿ ಐದಾರು ಗುಂಟೆ ನೆಲವನ್ನು ನುಂಗುತ್ತವೆ. ಹತ್ತೆಕರೆಯವನಿಗೆ ಅದು ಲೆಕ್ಕಕ್ಕಿಲ್ಲ; ಒಂದೂವರೆ ಎಕರೆಯವಳಿಗೆ ಅದು ಮನೆಯ ಒಂದು ತಿಂಗಳ ಜೋಳ. ಸಹಾಯಧನವಿದ್ದರೂ ಮಿಕ್ಕ ಪಾಲಿನ ಹಣವನ್ನು ಹೊಂದಿಸಬೇಕು. ಬೇಲಿಯಿಲ್ಲದ ಹೊಂಡಕ್ಕೆ ಮಕ್ಕಳು ಜಾರಿ ಬೀಳುವ ಅಪಾಯವುಂಟು. ಆದ್ದರಿಂದ ಅತಿಸಣ್ಣ ಹಿಡುವಳಿಗಳ ಕಡೆ ಚಿಕ್ಕ ಹೊಂಡ, ಇಲ್ಲವೇ ನಾಲ್ಕು ಮನೆಯವರು ಸೇರಿ ಒಂದು ಹೊಂಡ, ಇಂಥ ಏರ್ಪಾಟುಗಳನ್ನು ಯೋಚಿಸಬೇಕಾಗುತ್ತದೆ.

ಊರಿಗೆಲ್ಲ ಸೇರಿದ ಹೊಂಡವೆಂದರೆ ಕೆರೆ. ಹಿಂದೆ ಈ ಸೀಮೆಯಲ್ಲಿ ಕೆರೆಯನ್ನು ಕಟ್ಟಿದವರಿಗೆ, ದುರಸ್ತಿಯಲ್ಲಿಟ್ಟವರಿಗೆ ಮಾನ್ಯದ ಭೂಮಿಯನ್ನೋ ಕಂದಾಯದ ಒಂದು ಪಾಲನ್ನೋ ಬಿಟ್ಟುಕೊಡುವ ದಶಬಂಧವೆಂಬ ಪದ್ಧತಿಯಿತ್ತು. ಪದ್ಧತಿ ಅಳಿಯಿತು, ಹೂಳು ಉಳಿಯಿತು. ಈಚಿನ ವರ್ಷಗಳಲ್ಲಿ ತುಂಗಭದ್ರೆಯ ನೀರನ್ನು ಎತ್ತಿ ಕೆರೆಗಳನ್ನು ತುಂಬಿಸುವ ಕಡೆಗೆ ಗಮನ ಹರಿದಿದೆ. ಕೂಡ್ಲಿಗಿಯ 74 ಕೆರೆಗಳ ಯೋಜನೆ ಅದಕ್ಕೆ ನಿದರ್ಶನ. ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರದ ಕೆರೆಯನ್ನು ಹಿಂದಿನವರು ಹೊಲಗಳಿಗಾಗಿ ಕಟ್ಟಿದರು. ಇಂದು ಅದರ ಕರಿಜಾಲಿಯ ಮರಗಳಲ್ಲಿ ಸಾವಿರಾರು ಹಕ್ಕಿಗಳು ಗೂಡು ಕಟ್ಟುತ್ತವೆ. 2024ರ ಆರಂಭದಲ್ಲಿ ಅದು ರಾಮ್‌ಸಾರ್ ಪಟ್ಟಿಗೆ ಸೇರಿ ಲೋಕಪ್ರಸಿದ್ಧವಾಯಿತು. ಕೆರೆಯಲ್ಲಿ ನೀರು ನಿಂತರೆ ಸುತ್ತಲ ಬಾವಿಗಳ ಒರತೆ ಜೀವ ಪಡೆಯುತ್ತದೆ. ಸಾವಿರ ಅಡಿ ಕೊರೆದರೂ ನೀರು ಕಾಣದ ಕೊಳವೆಬಾವಿಗಾಗಿ ಸಾಲದಲ್ಲಿ ಮುಳುಗುವುದಕ್ಕಿಂತ ಇದು ಎಷ್ಟೋ ಮೇಲು.

ಬೀಜದ ಬುದ್ಧಿ

ಶೇಂಗಾಕ್ಕೆ ಎಕರೆಗೆ ನಲವತ್ತು ಕಿಲೋ ಬೀಜ ಬೇಕಾದರೆ, ನವಣೆಗೆ ಎರಡು ಮೂರು ಕಿಲೋ ಸಾಕು. ಬೆಳೆ ಹೋದರೂ ಮನೆ ಹೋಗುವುದಿಲ್ಲ. ನವಣೆ ಎಂಬತ್ತು ತೊಂಬತ್ತು ದಿನಗಳಲ್ಲಿ ಕೊಯ್ಲಿಗೆ ಬರುತ್ತದೆ. ಬರಗು ಇನ್ನೂ ಬೇಗ, ಎಪ್ಪತ್ತು ದಿನಗಳ ಸುಮಾರಿಗೆ. ಮಳೆ ತಪ್ಪಿದಾಗ ಈ ಗಿಡಗಳು ಬೆಳವಣಿಗೆಯನ್ನು ತಡೆದುಕೊಂಡು ಕಾಯುತ್ತವೆ, ಹನಿ ಬಿದ್ದೊಡನೆ ಮತ್ತೆ ಚಿಗುರುತ್ತವೆ. ಮೇವು ಎತ್ತಿಗೆ, ಕಾಳು ಮನೆಗೆ. ಒಂದು ಕಾಲದಲ್ಲಿ ನವಣೆ, ಸಾಮೆ, ಹಾರಕ, ಬರಗು, ಕೊರಲೆಗಳು ಈ ಹೊಲಗಳ ಸಾಮಾನ್ಯ ಪೈರುಗಳು. ಅಗ್ಗದ ಅಕ್ಕಿ ಬಂದು, ರೊಕ್ಕದ ಬೆಳೆಯ ಆಸೆ ಬಂದು ಅವು ಮೂಲೆ ಸೇರಿದವು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು; ಅದಕ್ಕೂ ಮೊದಲೇ, 2019-20ರಲ್ಲಿ, ಕರ್ನಾಟಕ ಸರ್ಕಾರ ರೈತ ಸಿರಿ ಯೋಜನೆಯಲ್ಲಿ ಕಿರುಧಾನ್ಯ ಬೆಳೆಯುವವರಿಗೆ ಹೆಕ್ಟೇರಿಗೆ ಹತ್ತು ಸಾವಿರ ರೂಪಾಯಿ ಪ್ರೋತ್ಸಾಹಧನವನ್ನು ಘೋಷಿಸಿತ್ತು.

ಎಲ್ಲರೂ ಶೇಂಗಾವನ್ನು ಬಿಟ್ಟು ನವಣೆ ಬಿತ್ತಬೇಕೆಂಬುದು ಇದರ ತಾತ್ಪರ್ಯವಲ್ಲ. ಮಗನ ಕಾಲೇಜಿನ ಶುಲ್ಕವನ್ನು ನವಣೆಯೊಂದರಿಂದಲೇ ಕಟ್ಟಲಾಗದು. ಜಾಣ ಬೇಸಾಯಗಾರ ಪಂದ್ಯವನ್ನು ಹಂಚುತ್ತಾನೆ. ಶೇಂಗಾದ ಕೆಲವು ಸಾಲುಗಳ ನಡುವೆ ಒಂದು ಸಾಲು ತೊಗರಿ: ಶೇಂಗಾ ಮೇಲಿನ ಮಣ್ಣಿನ ತೇವವನ್ನು ಉಣ್ಣುತ್ತದೆ, ತೊಗರಿಯ ಬೇರು ಆಳಕ್ಕಿಳಿದು ಹಿಂಗಾರಿನವರೆಗೂ ಬದುಕುತ್ತದೆ. ತಳಿಯಲ್ಲಿಯೂ ಆಯ್ಕೆಯುಂಟು. ದಶಕಗಳ ಕಾಲ ಈ ಸೀಮೆಯವರು ನಂಬಿದ ಟಿಎಂವಿ-2 ಶೇಂಗಾ ಹೊರಬಂದದ್ದು 1940ರಲ್ಲಿ. ಈಚೆಗೆ ಆಂಧ್ರದ ಕದಿರಿ ಸಂಶೋಧನಾ ಕೇಂದ್ರದ ತಳಿಗಳೂ, ಧಾರವಾಡದ ತಳಿಗಳೂ ಹೊಲಗಳಿಗೆ ಬಂದಿವೆ.

ಇನ್ನೂ ಮುಖ್ಯವಾದದ್ದು ಬದಲಿ ಬೆಳೆಯ ಸಿದ್ಧತೆ. ಜುಲೈಯಲ್ಲಿ ಮಳೆ ಬಂದರೆ ಶೇಂಗಾ. ಬಾರದೆ ಆಗಸ್ಟಿಗೆ ಬಂದರೆ ನವಣೆ, ಸೂರ್ಯಕಾಂತಿ. ಅದೂ ತಪ್ಪಿ ಸೆಪ್ಟೆಂಬರಿಗೆ ಬಂದರೆ ಹುರುಳಿ. ವಿಜ್ಞಾನಿಗಳು ಇಂದು ಬದಲಿ ಬೆಳೆ ಯೋಜನೆ ಎಂದು ಕರೆಯುವ ಈ ಕ್ರಮ ನಕ್ಷತ್ರದ ಗಾದೆಗಳಲ್ಲಿಯೇ ಅಡಗಿತ್ತು. ಆದರೆ ಆಗಸ್ಟಿನ ಮಳೆಗೆ ನವಣೆ ಬಿತ್ತಬೇಕಾದರೆ ಆಗಸ್ಟಿನಲ್ಲಿ ನವಣೆಯ ಬೀಜ ಕೈಯಲ್ಲಿರಬೇಕು. ಹಿಂದೆ ಅದು ಮನೆಯ ಗುಡಾಣದಲ್ಲಿ ಇರುತ್ತಿತ್ತು. ಇಂದು ಅದನ್ನು ರೈತ ಸಂಪರ್ಕ ಕೇಂದ್ರದವರೋ ಊರಿನ ಮಹಿಳಾ ಸಂಘದವರೋ ಮೊದಲೇ ಸಂಗ್ರಹಿಸಿ ಇಟ್ಟಿರಬೇಕು. ಮಳೆ ಬಂದ ಹದಿನೈದು ದಿನಕ್ಕೆ ಬರುವ ಬೀಜ, ಮದುವೆ ಮುಗಿದ ಮೇಲೆ ಬರುವ ವಾಲಗ.

ಹೊತ್ತಿಗೆ ಬಂದ ಸುದ್ದಿ

ಕಾರಣಿಕವನ್ನು ಕೇಳಿ ಬಂದ ಬೇಸಾಯಗಾರನಿಗೆ ಇಂದು ಇನ್ನೊಂದು ನುಡಿಯೂ ಲಭ್ಯ. 1988ರಲ್ಲಿ ಬರ ನಿರ್ವಹಣೆಗಾಗಿ ಕರ್ನಾಟಕದಲ್ಲಿ ಹುಟ್ಟಿದ ಸಂಸ್ಥೆಯೇ ಬೆಳೆದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಅದು ಗ್ರಾಮ ಪಂಚಾಯಿತಿಗೊಂದರಂತೆ ಮಳೆಮಾಪಕಗಳನ್ನು ನಿಲ್ಲಿಸಿದೆ. 'ವರುಣ ಮಿತ್ರ' ಎಂಬ ಹೆಸರಿನಲ್ಲಿ ದೂರವಾಣಿಯ ಮೂಲಕ ಮುನ್ಸೂಚನೆಯನ್ನೂ ತಿಳಿಸುತ್ತದೆ. ಕೇಂದ್ರ ಹವಾಮಾನ ಇಲಾಖೆಯ ಕೃಷಿ ಸಲಹೆ ವಾರಕ್ಕೆರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಪ್ರಕಟವಾಗುತ್ತದೆ. ನಾಳೆ ಮಳೆಯೆಂದು ತಿಳಿದರೆ ಇಂದು ಔಷಧಿ ಸಿಂಪಡಿಸುವ ಖರ್ಚು ಉಳಿಯುತ್ತದೆ. ಕಿತ್ತ ಶೇಂಗಾ ಬಣವೆ ಸೇರುತ್ತದೆ.

ಆದರೆ ಸುದ್ದಿಗೂ ರೈತನಿಗೂ ನಡುವೆ ಒಬ್ಬ ನಂಬಿಕೆಯ ಮನುಷ್ಯ ಬೇಕು. ರಾಜ್ಯ ಸರ್ಕಾರ ಇಕ್ರಿಸ್ಯಾಟ್ ಸಂಸ್ಥೆಯ ನೆರವಿನಿಂದ 2009ರಲ್ಲಿ ಆರಂಭಿಸಿದ ಭೂಚೇತನ ಯೋಜನೆ ಇದನ್ನು ತೋರಿಸಿಕೊಟ್ಟಿತು. ಮಣ್ಣು ಪರೀಕ್ಷಿಸಿದಾಗ ನಾಡಿನ ಒಣಹೊಲಗಳಲ್ಲಿ ಸತು, ಬೋರಾನ್, ಗಂಧಕಗಳ ಕೊರತೆ ಕಂಡುಬಂದಿತು. ಅವನ್ನು ಅಲ್ಪ ಪ್ರಮಾಣದಲ್ಲಿ ಸೇರಿಸಿದಾಗ ಇಳುವರಿ ಶೇಕಡಾ ಇಪ್ಪತ್ತಕ್ಕೂ ಮಿಕ್ಕಿ ಏರಿತು. ಆ ಸಂಗತಿಯನ್ನು ಹೊಲದಿಂದ ಹೊಲಕ್ಕೆ ಮುಟ್ಟಿಸಿದವರು ಅದೇ ಹಳ್ಳಿಗಳಿಂದ ಆಯ್ದ 'ರೈತ ಅನುವುಗಾರರು'. ಪಕ್ಕದ ಹೊಲದವನ ತೆನೆಯನ್ನು ಕೈಯಲ್ಲಿ ಹಿಡಿದು ನೋಡಿದವನಿಗೆ ಭಾಷಣ ಬೇಕಾಗುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಬೆಳೆ ಕೈಕೊಡುವ ವರ್ಷಗಳು ಬರುತ್ತವೆ. ಅದಕ್ಕಾಗಿ 2016ರಿಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ ಇದೆ. ಮುಂಗಾರಿನ ಆಹಾರಧಾನ್ಯ, ಎಣ್ಣೆಕಾಳುಗಳಿಗೆ ರೈತ ಕಟ್ಟಬೇಕಾದದ್ದು ವಿಮೆಯ ಮೊತ್ತದ ಶೇಕಡಾ 2, ಹಿಂಗಾರಿಗೆ ಶೇಕಡಾ 1.5, ಮಿಕ್ಕದ್ದನ್ನು ಸರ್ಕಾರಗಳು ಭರಿಸುತ್ತವೆ. ತೊಡಕು ಎಲ್ಲಿ? ಮುಖ್ಯ ಬೆಳೆಗಳ ನಷ್ಟವನ್ನು ಅಳೆಯುವುದು ಇಡೀ ಪಂಚಾಯಿತಿಯ ಸರಾಸರಿಯಲ್ಲಿ. ಕೆರೆಯ ಈಚೆ ಮಳೆಯಾಗಿ ಆಚೆ ಆಗದಿದ್ದರೆ, ಆಚೆಯವನ ಸುಟ್ಟ ಬೆಳೆ ಸರಾಸರಿಯಲ್ಲಿ ಮರೆಯಾಗುತ್ತದೆ. ಲಾವಣಿಗೆ ಹೊಲ ಮಾಡಿದವನ ಹೆಸರು ಪಹಣಿಯಲ್ಲಿ ಇರುವುದಿಲ್ಲ. ಗಂಡ ತೀರಿಕೊಂಡ ಮೇಲೂ ಖಾತೆ ಬದಲಾಗದ ಹೆಣ್ಣುಮಗಳು ಕಚೇರಿಯ ಮೆಟ್ಟಿಲ ಮೇಲೆ ಕೂತಿರುತ್ತಾಳೆ. ಹೊಲದಲ್ಲಿ ಕಳೆ ಕೀಳುವವಳೂ, ಬೀಜ ಕಾಯುವವಳೂ ಅವಳೇ ಎಂಬುದನ್ನು ನೆನೆದರೆ ಈ ಲೋಪವನ್ನು ಸಣ್ಣದೆನ್ನಲಾಗದು.

ಪೇಟೆಯವರ ಪಾಲು

ಆಕಾಶವನ್ನು ಬಿಸಿಮಾಡಿದ ಹೊಗೆಯಲ್ಲಿ ಕೂಡ್ಲಿಗಿಯ ನಾಲ್ಕೆಕರೆಯವನ ಪಾಲು ಇಲ್ಲವೆನ್ನುವಷ್ಟು ಕಡಿಮೆ. ಕಾರಿನಲ್ಲಿ ಓಡಾಡುವ, ತಂಪುಯಂತ್ರದ ಕೋಣೆಯಲ್ಲಿ ಮಲಗುವ ಜನರ ಪಾಲು ಅವನದಕ್ಕಿಂತ ಹೆಚ್ಚು. ಆದ್ದರಿಂದ ಅವನಿಗೆ ನೀಡುವ ನೆರವನ್ನು ದಾನವೆಂದು ಕರೆಯುವುದು ನ್ಯಾಯವಾಗದು. ಅದು ಬಾಕಿ ತೀರಿಸುವ ಕೆಲಸ.

ಗೃಹಿಣಿಯರು ಈ ಬಾಕಿಯನ್ನು ಅಡುಗೆಮನೆಯಿಂದಲೇ ಸ್ವಲ್ಪಮಟ್ಟಿಗೆ ತೀರಿಸಬಹುದು. ವಾರಕ್ಕೆರಡು ದಿನ ನವಣೆಯ ಅನ್ನ, ಸಾಮೆಯ ಉಪ್ಪಿಟ್ಟು, ಜೋಳದ ರೊಟ್ಟಿ ಎಲೆಗೆ ಬಂದರೆ ಪೇಟೆಯಲ್ಲಿ ಆ ಧಾನ್ಯಗಳಿಗೆ ಸ್ಥಿರವಾದ ಬೇಡಿಕೆ ಹುಟ್ಟುತ್ತದೆ. ಸಿರಿಧಾನ್ಯವೆಂದು ಹೊಳೆಯುವ ಪೊಟ್ಟಣದಲ್ಲಿ ತುಂಬಿ ಹತ್ತು ಪಟ್ಟು ಬೆಲೆಗೆ ಮಾರುವ ಅಂಗಡಿಗಿಂತ, ಬೆಳೆಗಾರರ ಸಂಘಗಳಿಂದ ನೇರವಾಗಿ ಕೊಂಡರೆ ಬೆಲೆಯ ಹೆಚ್ಚಿನ ಪಾಲು ಹೊಲಕ್ಕೆ ತಲಪುತ್ತದೆ. ಮತದಾರರಾಗಿ, ವಿದ್ಯಾವಂತರಾಗಿ ನಗರದವರು ಕೇಳಬಹುದಾದ ಪ್ರಶ್ನೆಯೂ ಒಂದುಂಟು. ಬರ ಘೋಷಣೆಯಾದ ಮೇಲೆ ಪರಿಹಾರಕ್ಕೆ ಎಷ್ಟು ಹಣ ಎಂದು ಪತ್ರಿಕೆಗಳು ಕೇಳುತ್ತವೆ. ಬರ ಬರುವ ಮೊದಲು ಬೀಜಕ್ಕೆ, ಬದುವಿಗೆ, ಕೆರೆಗೆ, ಸಲಹೆಗಾರನಿಗೆ ಎಷ್ಟು ಹಣ ಎಂದು ಕೇಳುವವರು ಯಾರು?

ಬಿತ್ತನೆಗೆ ಕಾಲವಿದೆ, ನೆರವಿಗೂ ಕಾಲವಿದೆ. ಮೃಗಶಿರಾ ಮಳೆಯ ಮೊದಲ ಹನಿಗೆ ಮಸಾರಿಯ ಕಂಪು ಏಳುವ ವೇಳೆಗೆ ಹೊಂಡ ತೋಡಿಯಾಗಿರಬೇಕು, ಬೀಜ ಮನೆಯಲ್ಲಿರಬೇಕು, ವಿಮೆಯ ಕಾಗದಕ್ಕೆ ಸರಿಯಾದ ಹೆಸರು ಬಿದ್ದಿರಬೇಕು. ಹಾಗಾದ ವರ್ಷ ಮುಗಿಲು ಒಂದೆರಡು ಸಲ ಮಾತು ತಪ್ಪಿದರೂ, ದೀಪಾವಳಿಯ ಮರುದಿನ ಕೋಗಳಿ ನಾಡಿನ ಇನ್ನಷ್ಟು ಮನೆಗಳ ಬಾಗಿಲು ತೆರೆದೇ ಇರುತ್ತದೆ, ಒಲೆಯ ಹೊಗೆ ಸೂರಿನಿಂದ ಏಳುತ್ತಿರುತ್ತದೆ, ಮಕ್ಕಳು ಪಾಟಿಚೀಲ ಹೊತ್ತು ಶಾಲೆಯ ದಾರಿ ಹಿಡಿದಿರುತ್ತಾರೆ.